ಸರಪಳಿಯ ಕೊಂಡಿ ಕಳಚುವುದೆಲ್ಲಿ?



ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಸುಳ್ಯ ಕಡೆಯ ತಾಯಿಯೊಬ್ಬರು ಪುತ್ತೂರಿನ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹೈಕೋರ್ಟಿನ ತೀರ್ಪಿನ ಪ್ರತಿ. ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ಓದಿ ಹೇಳಬೇಕೆಂದು ಕೇಳಿದರು. ಅವರ ಮಗಳು ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಮದುವೆಯಾದ ನಾಲ್ಕನೆಯ ವರ್ಷ ಗಂಡನ ಮನೆಯ ತೋಟದ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಸೆಷನ್ಸ್ ನ್ಯಾಯಾಲಯ ಗಂಡನಿಗೆ ಜೀವಾವಧಿ ಶಿಕ್ಷೆ ವಿಧಿಸಿತ್ತು. ಎಂಟು ವರ್ಷಗಳ ಮೇಲೆ ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತ್ತು. ನಾನು ತೀರ್ಪನ್ನು ಓದುತ್ತಾ ಅರ್ಥ ಹೇಳುತ್ತಾ ಹೋದೆ. ಕೊನೆಗೆ ಆ ತಾಯಿ ಒಂದೇ ಮಾತು ಕೇಳಿದರು: "ಹಾಗಾದರೆ ಮೇಡಂ, ಕೋರ್ಟಿನಲ್ಲಿ ಸುಳ್ಳು ಹೇಳಿದ್ದು ನಾನಾ?"

ಅಲ್ಲ. ಆ ತೀರ್ಪು ಎಲ್ಲಿಯೂ ಆಕೆಯನ್ನು ಸುಳ್ಳುಗಾರ್ತಿ ಎಂದಿರಲಿಲ್ಲ. ಗಂಡ ನಿರಪರಾಧಿ ಎಂದು ಹೊಗಳಿರಲೂ ಇಲ್ಲ. ಸಾಕ್ಷ್ಯದ ಸರಪಳಿ ಪೂರ್ತಿಯಾಗಿಲ್ಲ, ಆದುದರಿಂದ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು ಎಂದಷ್ಟೇ ಹೇಳಿತ್ತು. ಈ ಸಂಚಿಕೆಯ ಸಂಪಾದಕೀಯವನ್ನು ನಾನು ಆ ಸರಪಳಿಗೆ ಮೀಸಲಿಡುತ್ತಿದ್ದೇನೆ. ಕೊಂಡಿ ಕಳಚುವುದು ಬೆಂಗಳೂರಿನ ಹೈಕೋರ್ಟಿನಲ್ಲಿ ಎಂದು ನಾವು ತಿಳಿದುಕೊಂಡಿದ್ದೇವೆ. ಬಹಳ ಸಲ ಅದು ಕಳಚಿರುವುದು ನಮ್ಮ ಊರಿನಲ್ಲೇ, ಹೆಣ ಎತ್ತಿದ ಮೊದಲ ದಿನವೇ.

ಮನೆಯೊಳಗಿನ ಕೊಲೆಗೆ ಕಣ್ಣಾರೆ ಕಂಡ ಸಾಕ್ಷಿ ಅಪರೂಪ. ಕಂಡವರಿದ್ದರೆ ಅವರು ಅತ್ತೆ, ಮಾವ, ಮೈದುನ. ಇಲ್ಲವೆ ಮಾತು ಬಾರದ ಮಗು. ಆದುದರಿಂದ ಇಂಥ ಮೊಕದ್ದಮೆ ನಿಲ್ಲುವುದು ಸಾಂದರ್ಭಿಕ ಸಾಕ್ಷ್ಯದ ಮೇಲೆ. ಆಕೆಯನ್ನು ಕೊನೆಯ ಸಲ ಯಾರ ಜೊತೆಯಲ್ಲಿ ಕಂಡರು, ಮೈಮೇಲೆ ಎಂಥ ಗಾಯವಿತ್ತು, ಹಣಕ್ಕಾಗಿ ಪೀಡನೆ ಇತ್ತೇ, ಸತ್ತ ಮೇಲೆ ಗಂಡ ಏನು ಮಾಡಿದ, ಯಾರಿಗೆ ಏನು ಹೇಳಿದ, ಒಡವೆ ಎಲ್ಲಿ ಸಿಕ್ಕಿತು, ಇವೆಲ್ಲ ಒಂದೊಂದು ಕೊಂಡಿ. ಎಲ್ಲವೂ ಒಂದಕ್ಕೊಂದು ಸೇರಿ ಒಬ್ಬನ ಕಡೆಗೇ ಬೊಟ್ಟುಮಾಡಬೇಕು.

ಎಷ್ಟು ಗಟ್ಟಿಯಾಗಿ ಸೇರಬೇಕೆಂಬುದಕ್ಕೆ ನ್ಯಾಯಾಲಯಗಳು ಇಂದಿಗೂ ಹಿಡಿಯುವ ಅಳತೆಗೋಲು 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದ್ದು. ಈ ಹೆಸರು ಸಾಂದರ್ಭಿಕ ಸಾಕ್ಷ್ಯದ ಮೇಲ್ಮನವಿಗಳಲ್ಲಿ ಮತ್ತೆಮತ್ತೆ ಬರುತ್ತದೆ. ಆದರೆ ಅದು ಯಾರ ಸಾವಿನ ಪ್ರಕರಣ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪುಣೆಯಲ್ಲಿ ಮದುವೆಯಾಗಿ ನಾಲ್ಕೇ ತಿಂಗಳಾಗಿದ್ದ ಹೆಣ್ಣೊಬ್ಬಳು 1982ರ ಜೂನ್‌ನಲ್ಲಿ ಸಾಯನೈಡ್ ವಿಷದಿಂದ ಸತ್ತಳು. ವಿಚಾರಣಾ ನ್ಯಾಯಾಲಯ ಗಂಡನಿಗೆ ಗಲ್ಲುಶಿಕ್ಷೆ ವಿಧಿಸಿತು, ಬೊಂಬಾಯಿ ಹೈಕೋರ್ಟು ಅದನ್ನು ಖಾಯಂ ಮಾಡಿತು. ಸುಪ್ರೀಂ ಕೋರ್ಟು ಆತನನ್ನು ಬಿಡುಗಡೆ ಮಾಡಿತು. ಆಕೆ ಸಹೋದರಿಗೂ ಗೆಳತಿಗೂ ಬರೆದ ಕಾಗದಗಳಲ್ಲಿ ತನ್ನ ಸಂಕಟವನ್ನು ತೋಡಿಕೊಂಡಿದ್ದಳು. ಆದರೆ ಆಕೆ ತಾನೇ ವಿಷ ಕುಡಿದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು ನ್ಯಾಯಾಲಯ.

ಆ ತೀರ್ಪು ಹೇಳಿದ ಐದು ಸೂತ್ರಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು. ಪ್ರತಿಯೊಂದು ಸಂಗತಿಯೂ ಪೂರ್ಣವಾಗಿ ರುಜುವಾತಾಗಬೇಕು, "ಆಗಿರಬಹುದು" ಸಾಲದು, "ಆಗಿರಲೇಬೇಕು" ಎನ್ನುವಂತಿರಬೇಕು. ಆ ಸಂಗತಿಗಳು ಆರೋಪಿಯ ಅಪರಾಧಕ್ಕೆ ಮಾತ್ರ ಹೊಂದಬೇಕು. ಅವು ನಿರ್ಣಾಯಕ ಸ್ವರೂಪದವಾಗಿರಬೇಕು. ಬೇರೆ ಯಾವ ಊಹೆಗೂ ಎಡೆ ಉಳಿಯಬಾರದು. ಕೊನೆಯದಾಗಿ, ಸರಪಳಿ ಎಷ್ಟು ಪೂರ್ತಿಯಾಗಿರಬೇಕೆಂದರೆ ಆರೋಪಿ ನಿರಪರಾಧಿ ಎಂದು ಭಾವಿಸಲು ಸಕಾರಣವೇ ಇರಬಾರದು. ವಿಷಪ್ರಾಶನದ ಪ್ರಕರಣದಲ್ಲಿ ಇನ್ನೂ ನಾಲ್ಕನ್ನು ತೋರಿಸಬೇಕು: ಕೊಲ್ಲಲು ಸ್ಪಷ್ಟ ಕಾರಣ, ಸಾವು ವಿಷದಿಂದಲೇ ಆದದ್ದು, ಆರೋಪಿಯ ಬಳಿ ಆ ವಿಷ ಇದ್ದದ್ದು, ಅದನ್ನು ಕೊಡಲು ಅವಕಾಶ ಇದ್ದದ್ದು.

ಈ ತೀರ್ಪನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಹೆಣ್ಣಿನ ಕಾಗದಗಳಿಗೆ ಬೆಲೆಯೇ ಇಲ್ಲವೇ ಎಂದುಕೊಂಡಿದ್ದೆ. ಮತ್ತೆ ನಿಧಾನವಾಗಿ ಓದಿದಾಗ ಇನ್ನೊಂದು ಸಂಗತಿ ಕಂಡಿತು. ಸಾವಿಗೆ ಕಾರಣವಾದ ಸನ್ನಿವೇಶವನ್ನು ತಿಳಿಸುವ ಇಂಥ ಕಾಗದಗಳನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಅದೇ ತೀರ್ಪು ವಿವರಿಸಿದೆ. ಆ ಹೆಣ್ಣು ಸತ್ತಾಗ ಕೊಲೆ ಅಥವಾ ಆತ್ಮಹತ್ಯೆ, ಎರಡರಲ್ಲಿ ಒಂದನ್ನು ಸಾಧಿಸಬೇಕಿತ್ತು. ದೇಶದಾದ್ಯಂತ ಮಹಿಳಾ ಚಳವಳಿ ಬೀದಿಗಿಳಿದುದರ ಫಲವಾಗಿ 1983ರಲ್ಲಿ ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆನ್ನುವ 498 ಎ, 1986ರಲ್ಲಿ ವರದಕ್ಷಿಣೆ ಸಾವಿನ 304 ಬಿ ಬಂದವು. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣು ಅಸಹಜವಾಗಿ ಸತ್ತಿದ್ದು, ಸಾವಿಗೆ ಹತ್ತಿರದ ದಿನಗಳಲ್ಲಿ ವರದಕ್ಷಿಣೆಗಾಗಿ ಪೀಡನೆ ನಡೆದಿದ್ದು ರುಜುವಾತಾದರೆ, ಕೊಂದದ್ದೋ ತಾನೇ ಸತ್ತದ್ದೋ ಎಂಬ ಪ್ರಶ್ನೆಯಲ್ಲಿ ಮೊಕದ್ದಮೆ ಮುಳುಗದು. ನ್ಯಾಯಾಲಯ ಆರೋಪಿಗಳ ವಿರುದ್ಧ ಪೂರ್ವಭಾವನೆ ತಾಳಲೇಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ 80ನೆಯ ಕಲಮು, ಕ್ರೌರ್ಯದ್ದು 85.

ಇನ್ನು ನಮ್ಮ ನೆಲಕ್ಕೇ ಬರೋಣ. ಪುಣೆಯ ಆ ಪ್ರಕರಣದಲ್ಲಿದ್ದ ಅದೇ ವಿಷ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳನ್ನೂ ಕೊಂದಿತು. ಪತ್ರಿಕೆಗಳು "ಸಾಯನೈಡ್ ಮೋಹನ್" ಎಂದು ಕರೆದ ಮೋಹನ್ ಕುಮಾರ್ ಬಂಟ್ವಾಳ ತಾಲೂಕಿನವನು, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡು ಕಡೆಯ ಬಡ ಮನೆಗಳ ಹೆಣ್ಣುಮಕ್ಕಳಿಗೆ ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ಹೇಳಿ ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರಿನಂಥ ಊರುಗಳಿಗೆ ಕರೆದೊಯ್ಯುತ್ತಿದ್ದ. ಒಡವೆಗಳನ್ನು ವಸತಿಗೃಹದ ಕೋಣೆಯಲ್ಲೇ ಬಿಡಿಸಿ, ಗರ್ಭನಿರೋಧಕ ಮಾತ್ರೆ ಎಂದು ಸಾಯನೈಡ್ ಕೊಡುತ್ತಿದ್ದ. ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಆ ಹೆಣ್ಣುಮಕ್ಕಳು ಸತ್ತು ಬಿದ್ದರು. ಪ್ರತಿಯೊಂದು ಊರಿನ ಠಾಣೆಯಲ್ಲೂ ಗುರುತು ಪತ್ತೆಯಾಗದ ಹೆಣ್ಣಿನ ಅಸಹಜ ಸಾವು ಎಂದು ದಾಖಲಾಯಿತು. ಇತ್ತ ಊರಿನಲ್ಲಿ "ಯಾರ ಜೊತೆಗೋ ಓಡಿಹೋದಳು" ಎಂಬ ಮಾತು. ಮರ್ಯಾದೆಗೆ ಅಂಜಿದ ಮನೆಯವರು ಬಾಯಿಬಿಡಲಿಲ್ಲ. ಅಲ್ಲಿ ಹೆಸರಿಲ್ಲದ ಹೆಣ, ಇಲ್ಲಿ ಹೆಣವಿಲ್ಲದ ಹೆಸರು. ಇವೆರಡನ್ನು ಜೋಡಿಸಿ ನೋಡಿದವರು ವರ್ಷಗಟ್ಟಲೆ ಯಾರೂ ಇರಲಿಲ್ಲ.

2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ, ಅನ್ಯಕೋಮಿನವನ ಜೊತೆ ಹೋದಳೆಂದು ಗುಲ್ಲೆದ್ದು ಠಾಣೆಯ ಮುಂದೆ ಪ್ರತಿಭಟನೆ ನಡೆಯಿತು. ಆ ಒತ್ತಡದಲ್ಲಿ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದಾಗ ಸಿಕ್ಕಿದ್ದು ಬೇರೆಯೇ ಕಥೆ. ಅಕ್ಟೋಬರಿನಲ್ಲಿ ಮೋಹನ್ ಕುಮಾರ್ ಬಂಧನವಾಯಿತು. ಗುಲ್ಲು ಸುಳ್ಳಾಗಿತ್ತು, ಕರೆಗಳ ಪಟ್ಟಿ ನಿಜ ಹೇಳಿತು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ಸೆಷನ್ಸ್ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಗಲ್ಲುಶಿಕ್ಷೆ ವಿಧಿಸಿತು. 2017ರ ಅಕ್ಟೋಬರಿನಲ್ಲಿ ಹೈಕೋರ್ಟು ಬಂಟ್ವಾಳದ ಆ ಯುವತಿಯ ಪ್ರಕರಣದಲ್ಲಿ ಕೊಲೆಯ ಅಪರಾಧವನ್ನು ಎತ್ತಿಹಿಡಿದು, ಗಲ್ಲನ್ನು ಸಾಯುವವರೆಗಿನ ಸೆರೆವಾಸಕ್ಕೆ ಇಳಿಸಿತು. 20ನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಇಪ್ಪತ್ತು ಪ್ರತ್ಯೇಕ ಮೊಕದ್ದಮೆಗಳು. ಒಬ್ಬನೇ ಮಾಡಿದ ಕೃತ್ಯವೆಂದು ಊರಿಗೆಲ್ಲ ಗೊತ್ತಿದ್ದರೂ ನ್ಯಾಯಾಲಯದಲ್ಲಿ ಒಬ್ಬೊಬ್ಬಳ ಸರಪಳಿಯೂ ಬೇರೆಬೇರೆಯಾಗಿ ನಿಲ್ಲಬೇಕು. ಒಬ್ಬಳ ಸಾವು ಇನ್ನೊಬ್ಬಳ ಸಾವಿಗೆ ಸಾಕ್ಷಿಯ ಕೊರತೆಯನ್ನು ತುಂಬಿಕೊಡದು. ವರದಕ್ಷಿಣೆ ಕೊಡಲಾರದ ಮನೆಗೆ "ವರದಕ್ಷಿಣೆ ಬೇಡ" ಎಂಬ ಮಾತೇ ಬಲೆಯಾಯಿತು ಎನ್ನುವುದನ್ನು ನಮ್ಮ ಸಮಾಜ ಇನ್ನೂ ನಾಚಿಕೆಯಿಂದ ನೆನೆದಿಲ್ಲ.

ಮನೆಯೊಳಗೆ ಆದ ಸಾವಿನ ವಿಚಾರ ಇನ್ನೊಂದು. "ಅವಳಿಗೆ ಹಾವು ಕಚ್ಚಿತು", "ಸ್ಟವ್ ಸಿಡಿಯಿತು", "ನೀರು ಸೇದುವಾಗ ಕಾಲು ಜಾರಿತು" ಎಂಬ ಮಾತುಗಳನ್ನು ನಾವೆಲ್ಲ ಕೇಳಿದ್ದೇವೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು ಸುಟ್ಟು ಸತ್ತ ಹೆಂಗಸರ ಕಡತಗಳನ್ನು ಬೆನ್ನು ಹತ್ತಿ, ಅಪಘಾತವೆಂದು ಮುಚ್ಚಿದ್ದರೊಳಗೆ ಏನೇನು ಅಡಗಿದೆ ಎಂದು ತೋರಿಸಿಕೊಟ್ಟರು. ತ್ರಿಮುಖ್ ಮಾರೋತಿ ಕಿರ್ಕನ್ ಪ್ರಕರಣದಲ್ಲಿ ಗಂಡ ಹಾವು ಕಚ್ಚಿತೆಂದಿದ್ದ, ಮರಣೋತ್ತರ ಪರೀಕ್ಷೆಯಲ್ಲಿ ಕತ್ತು ಹಿಸುಕಿದ್ದು ಕಂಡಿತು. ಟೆಂಪೋ ಕೊಳ್ಳಲು 25,000 ರೂಪಾಯಿ ತರಬೇಕೆಂಬ ಪೀಡನೆ ಅದರ ಹಿಂದಿತ್ತು. 2006ರಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಹೇಳಿದ್ದು ನಮಗೆ ಮುಖ್ಯ: ನಾಲ್ಕು ಗೋಡೆಗಳೊಳಗೆ ಗುಟ್ಟಾಗಿ ಕೊಲೆ ನಡೆದಾಗ, ಏನಾಯಿತೆಂದು ಹೇಳುವ ಹೊಣೆ ಆ ಮನೆಯಲ್ಲಿದ್ದವರ ಮೇಲೂ ಇದೆ. ಸಾಕ್ಷ್ಯ ಕಾಯಿದೆಯ 106ನೆಯ ಕಲಮು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 109, ಅದಕ್ಕೆ ಆಧಾರ. ಆದರೆ ಗಂಡ ಬಾಯಿ ಮುಚ್ಚಿ ಕುಳಿತ ಮಾತ್ರಕ್ಕೆ ಅಪರಾಧ ಸಿದ್ಧವಾಗದು. ಆ ಹೊತ್ತಿಗೆ ಅವನು ಮನೆಯಲ್ಲಿದ್ದ, ಸಾವು ಅಪಘಾತವಲ್ಲ ಎಂಬುದನ್ನು ಸರಕಾರದ ಕಡೆಯವರು ಮೊದಲು ತೋರಿಸಬೇಕು.

ನನ್ನ ವಿದ್ಯಾರ್ಥಿನಿಯ ಮೊಕದ್ದಮೆ ಸೋತದ್ದು ಇಲ್ಲಿಯೇ. ಆ ದಿನ ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೋಗಿದ್ದೆ ಎಂದ ಗಂಡ. ಸೊಸೈಟಿಯಲ್ಲಿ ಹಾಲು ಅಳೆದು ಬರೆಯುವ ಪುಸ್ತಕ ಇರುತ್ತದೆ, ಅದನ್ನು ಯಾರೂ ವಶಪಡಿಸಿಕೊಳ್ಳಲಿಲ್ಲ. ಮಹಜರಿಗೆ ಸಹಿ ಮಾಡಿದ ಇಬ್ಬರು ಪಂಚರು, ನಾವು ಬಾವಿಕಟ್ಟೆ ನೋಡಿಯೇ ಇಲ್ಲ, ಮರುದಿನ ಠಾಣೆಯಲ್ಲಿ ಸಹಿ ಹಾಕಿದೆವು ಎಂದರು. ಹಿಂದಿನ ರಾತ್ರಿ ಕೂಗಾಟ ಕೇಳಿತೆಂದು ಹೇಳಿದ್ದ ನೆರೆಮನೆಯಾಕೆ ಕಟಕಟೆಯಲ್ಲಿ ಪ್ರತಿಕೂಲ ಸಾಕ್ಷಿಯಾದರು. ಕುತ್ತಿಗೆಯ ಗುರುತು ಹೆಣ ಎತ್ತುವ ಹಗ್ಗದ್ದೋ ಅದಕ್ಕಿಂತ ಮೊದಲಿನದೋ ಎಂಬುದನ್ನು ಮರಣೋತ್ತರ ವರದಿ ಬಿಡಿಸಿ ಹೇಳಿರಲಿಲ್ಲ. ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳು ಆ ತಾಯಿಯ ಮುಖ ನೋಡುವುದಿಲ್ಲ, ಬಾವಿಕಟ್ಟೆಯನ್ನೂ ನೋಡುವುದಿಲ್ಲ. ಅವರ ಮುಂದಿರುವುದು ಕಡತ. ಕಡತದಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ತರಬೇಕು?

ಇದರಲ್ಲಿ ನನ್ನ ಪಾಲೂ ಇದೆ. ಅದನ್ನು ಇಷ್ಟು ವರ್ಷ ಬರೆದಿರಲಿಲ್ಲ. ಸಾಯುವ ಕೆಲವು ತಿಂಗಳ ಮೊದಲು ಆ ಹುಡುಗಿ ನನಗೊಂದು ಇನ್‌ಲ್ಯಾಂಡ್ ಕಾಗದ ಬರೆದಿದ್ದಳು. ತೋಟಕ್ಕೆ ಪಂಪು ಹಾಕಿಸಲು ತವರಿನಿಂದ ದುಡ್ಡು ತರಬೇಕೆಂದು ಮನೆಯಲ್ಲಿ ದಿನವೂ ಮಾತು, ಏನು ಮಾಡಲಿ ಮೇಡಂ ಎಂದು ಕೇಳಿದ್ದಳು. ನಾನು ಸ್ವಲ್ಪ ತಾಳ್ಮೆಯಿಂದಿರು, ಎಲ್ಲ ಸರಿಹೋಗುತ್ತದೆ ಎಂದು ಉತ್ತರಿಸಿದೆ. ಅವಳು ಸತ್ತಾಗ ಠಾಣೆಯ ಎದುರಿನ ಧರಣಿಯಲ್ಲಿ ನಾನೇ ಭಾಷಣ ಮಾಡಿದೆ, ಗಲ್ಲಿಗೇರಿಸಿ ಎಂಬ ಮನವಿಗೆ ಮೊದಲ ಸಹಿ ಹಾಕಿದೆ. ಕಾಗದ ಮಾತ್ರ ಮೇಜಿನ ಸೆಳೆಖಾನೆಯಲ್ಲೇ ಉಳಿಯಿತು. ಪೊಲೀಸರು ಕೇಳಲಿಲ್ಲ, ನಾನೂ ಕೊಡಲಿಲ್ಲ. ನನ್ನ ಉತ್ತರದ ಬಗ್ಗೆ ನನಗೇ ನಾಚಿಕೆಯಾಗಿತ್ತೆಂಬುದು ನಿಜವಾದ ಕಾರಣ. ಆ ಕಾಗದದಿಂದ ಕೊಲೆ ರುಜುವಾತಾಗುತ್ತಿರಲಿಲ್ಲ. ಆದರೆ ಹಣದ ಪೀಡನೆಗೆ ತವರಿನವರ ಬಾಯಿಮಾತು ಬಿಟ್ಟು ಬೇರೆ ಆಧಾರವಿಲ್ಲ ಎಂದು ತೀರ್ಪಿನಲ್ಲಿದ್ದ ಆ ಒಂದು ವಾಕ್ಯ ಬರುತ್ತಿರಲಿಲ್ಲ. ಆ ತಾಯಿಗೆ ತೀರ್ಪು ಓದಿ ಹೇಳುವಾಗ ನನ್ನ ನಾಲಗೆ ತಡವರಿಸಿದ್ದು ಆ ವಾಕ್ಯದಲ್ಲಿ.

ಕೊಂಡಿ ಕಳಚುವ ಇನ್ನೊಂದು ಜಾಗ ದೋಷಾರೋಪ. ಕೊಲೆ ಎಂದು ಮಾತ್ರ ಆರೋಪ ಹೊರಿಸಿ ವರದಕ್ಷಿಣೆ ಸಾವಿನ ಕಲಮನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದ್ದೇ ಶಮ್ನಸಾಹೇಬ್ ಮುಲ್ತಾನಿ ಪ್ರಕರಣ ಉದಾಹರಣೆ. ಆ ಆರೋಪ ಹೊರಿಸದೆಯೇ ಹೈಕೋರ್ಟು 304 ಬಿ ಅಡಿಯಲ್ಲಿ ಶಿಕ್ಷೆ ವಿಧಿಸಿತ್ತು. ಆ ಪೂರ್ವಭಾವನೆಯನ್ನು ಅಲ್ಲಗಳೆಯಲು ಆರೋಪಿಗೆ ಅವಕಾಶ ಸಿಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ ಮೊಕದ್ದಮೆಯನ್ನು ಮತ್ತೆ ವಿಚಾರಣಾ ನ್ಯಾಯಾಲಯಕ್ಕೇ ಕಳಿಸಿತು. ಆದುದರಿಂದ ಆರೋಪಪಟ್ಟಿ ಸಲ್ಲಿಕೆಯಾದ ಕೂಡಲೇ ಯಾವ ಯಾವ ಕಲಮುಗಳಿವೆ ಎಂದು ಸರಕಾರಿ ವಕೀಲರನ್ನು ಕೇಳಿ ತಿಳಿಯಬೇಕು. ಮೇಲ್ಮನವಿಯ ಹೊತ್ತಿಗೆ ಕೇಳಿದರೆ ತಡವಾಗಿರುತ್ತದೆ.

ಹಾಗಾದರೆ ಸಾಕ್ಷ್ಯದ ಅಳತೆಗೋಲನ್ನೇ ಸಡಿಲಿಸಿ ಎಂದು ನಾವು ಕೇಳಬೇಕೇ? ನಮ್ಮ ಸಭೆಗಳಲ್ಲಿ ಈ ಮಾತು ಆಗಾಗ ಬರುತ್ತದೆ. ನಾನು ಒಪ್ಪಲಾರೆ. ನೆರೆಯ ಬೆಳ್ತಂಗಡಿ ತಾಲೂಕಿನಲ್ಲಿ 2012ರ ಅಕ್ಟೋಬರಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟ ವಿದ್ಯಾರ್ಥಿನಿಯ ಅತ್ಯಾಚಾರ, ಕೊಲೆ ನಡೆಯಿತು. ಆರೋಪಿಯೆಂದು ಹಿಡಿದವನನ್ನು 2023ರ ಜೂನ್‌ನಲ್ಲಿ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು. ಹಿಡಿದವನ ಬಾಳಿನ ಅಷ್ಟು ವರ್ಷ ಹೋಯಿತು, ಹೆತ್ತವರಿಗೆ ಉತ್ತರ ಸಿಗಲಿಲ್ಲ. ಸಡಿಲ ಸಾಕ್ಷ್ಯದಿಂದ ಬಡವನೊಬ್ಬ ಒಳಗೆ ಹೋಗುತ್ತಾನೆ, ಮಾಡಿದವನು ಹೊರಗೇ ಉಳಿಯುತ್ತಾನೆ. ಅದರಿಂದ ಹೆಣ್ಣಿಗೆ ಯಾವ ರಕ್ಷಣೆ ಸಿಕ್ಕಿತು? ನಮಗೆ ಬೇಕಾದದ್ದು ಸಡಿಲ ಅಳತೆಗೋಲಲ್ಲ, ಗಟ್ಟಿ ತನಿಖೆ.

ಅದು ಮೊದಲ ದಿನವೇ ಶುರುವಾಗಬೇಕು. ಕೊಲ್ಲಮೊಗ್ರು, ಕಲ್ಮಕಾರಿನಂಥ ಹಳ್ಳಿಗಳಲ್ಲಿ, ಬಿಳಿನೆಲೆ, ಕೊಂಬಾರಿನ ಕಾಡಂಚಿನಲ್ಲಿ, ಪಾಣಾಜೆಯಂಥ ಗಡಿಯ ಊರಿನಲ್ಲಿ ಪೊಲೀಸರು ತಲುಪುವ ಮೊದಲು ನೆರೆಯವರು ತಲುಪಿರುತ್ತಾರೆ. ಹೆಣದ ಬಳಿ ಹೋಗುವುದು ಮುಟ್ಟುವುದಕ್ಕಲ್ಲ, ಯಾರೂ ಜಾಗ ತೊಳೆಯದಂತೆ, ಸಾರಿಸದಂತೆ, ತರಾತುರಿಯಲ್ಲಿ ಸುಡದಂತೆ ನೋಡಿಕೊಳ್ಳುವುದಕ್ಕೆ. ಏಳು ವರ್ಷದೊಳಗಿನ ಮದುವೆಯಾದರೆ ಕಾರ್ಯನಿರ್ವಾಹಕ ದಂಡಾಧಿಕಾರಿಯಾದ ತಹಶೀಲ್ದಾರರಿಂದ ಶವ ತನಿಖೆ ಆಗಬೇಕೆಂದು ಬರೆದು ಕೊಡಿ, ನಕಲಿಗೆ ಸ್ವೀಕೃತಿ ಪಡೆಯಿರಿ. ಮಹಜರಿಗೆ ನಮ್ಮವರು ಪಂಚರಾಗಲಿ. ನೋಡಿದ್ದಕ್ಕೆ ಮಾತ್ರ, ನೋಡಿದ ಜಾಗದಲ್ಲೇ ಸಹಿ ಹಾಕಲಿ, ಆಮೇಲೆ ಕಟಕಟೆಯಲ್ಲಿ ನಿಂತು ಅದನ್ನೇ ಹೇಳಲಿ. ನಮ್ಮ ತೋಟದ ಮನೆಗಳಲ್ಲಿ ಮೈಲುತುತ್ತು, ಕಳೆನಾಶಕ, ಇಲಿಪಾಷಾಣ ಯಾವಾಗಲೂ ಇರುತ್ತವೆ. ವಿಷದ ಶಂಕೆಯಿದ್ದರೆ ಒಳಾಂಗಗಳ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದಾರೆಯೇ ಎಂದು ಕೇಳಿ.

ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಅದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಧಿ ಕೊಟ್ಟಿದೆ. ಆದರೆ ಸಾವು "ಅಸಹಜ" ಎಂಬ ಹಣೆಪಟ್ಟಿಯಲ್ಲೇ ನಿಂತರೆ ತಜ್ಞರು ಬರುವುದಿಲ್ಲ. ಮೊದಲ ದೂರು ಅಷ್ಟು ಮುಖ್ಯ. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂಬ ನಿಯಮವೂ ಆ ಸಂಹಿತೆಯಲ್ಲಿದೆ. ಅವಳ ಫೋನಿನಲ್ಲಿರುವ ಸಂದೇಶಗಳನ್ನು ಅಳಿಸಬೇಡಿ, ತೆಗೆದ ಚಿತ್ರಗಳು ಮೂಲ ಫೋನಿನಲ್ಲೇ ಇರಲಿ. ಕರೆಗಳ ಪಟ್ಟಿಗೆ, ಫೋನಿನ ದಾಖಲೆಗೆ ಕಾನೂನು ಕೇಳುವ ಪ್ರಮಾಣಪತ್ರವಿಲ್ಲದಿದ್ದರೆ ಮೇಲ್ಮನವಿಯಲ್ಲಿ ಅದು ಬರೀ ಕಾಗದ.

ಬಿಡುಗಡೆಯಾದರೆ ಎಲ್ಲ ಮುಗಿಯಿತೆಂದೂ ತಿಳಿಯಬೇಡಿ. 2009ರ ಕೊನೆಯಿಂದ ನೊಂದವರಿಗೂ ಖುಲಾಸೆಯ ವಿರುದ್ಧ ಮೇಲ್ಮನವಿಯ ಹಕ್ಕು ಬಂದಿದೆ. ಅದಕ್ಕೆ ನ್ಯಾಯಾಲಯದ ಮುಂಚಿತ ಅನುಮತಿ ಬೇಕಿಲ್ಲವೆಂದು 2018ರಲ್ಲಿ ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಜಿಲ್ಲೆಯ ಮೇಲ್ಮನವಿ ನಡೆಯುವುದು ಬೆಂಗಳೂರಿನಲ್ಲಿ. ಒಂದು ತಾರೀಕಿಗೆ ಹೋಗಿಬರಲು ಕೂಲಿ ಮಾಡುವ ಮನೆಗೆ ಎಷ್ಟು ದಿನದ ಸಂಬಳ ಹೋಗುತ್ತದೆಂದು ನಮಗೆ ಗೊತ್ತು. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗಬೇಕು. ತಾಲೂಕು ಕಾನೂನು ಸೇವೆಗಳ ಸಮಿತಿಗೆ ತಾಯಿಯ ಹೆಸರಿನಲ್ಲಿ ಅರ್ಜಿ ಕೊಡಿ.

ನನ್ನ ವಿದ್ಯಾರ್ಥಿನಿಯ ತಾಯಿಗೆ ಅಂದು ನಾನು ಹೇಳಿದೆ: ನೀವು ಸುಳ್ಳು ಹೇಳಲಿಲ್ಲ ಅಮ್ಮ, ನಾವು ಹೇಳಬೇಕಾದ್ದನ್ನು ಹೇಳಲಿಲ್ಲ. ಕಾಗದವನ್ನೂ ತೋರಿಸಿದೆ. ಅವರು ಅದನ್ನು ಓದಿಸಿಕೊಂಡು, ಮಡಚಿ, ತೀರ್ಪಿನ ಜೊತೆ ಅದೇ ಚೀಲದಲ್ಲಿಟ್ಟುಕೊಂಡು ಹೋದರು. ಬೈಯಲಿಲ್ಲ.

ಗೆಳತಿಯರೆ, ಮಗಳೋ ತಂಗಿಯೋ ವಿದ್ಯಾರ್ಥಿನಿಯೋ ಬರೆದ ಅಂಥ ಕಾಗದ, ಕಳಿಸಿದ ಅಂಥ ಸಂದೇಶ ನಿಮ್ಮಲ್ಲೂ ಇರಬಹುದು. ಅವಳು ಬದುಕಿರುವಾಗಲೇ ಅದಕ್ಕೆ ಸರಿಯಾದ ಉತ್ತರ ಕೊಡೋಣ. ತಾಳ್ಮೆಯ ಉಪದೇಶ ಬೇಡ. ಹೋಗಿ ನೋಡಿ, ಮನೆಗೆ ಕರೆತನ್ನಿ. ಹಾಗೆ ಮಾಡಿದರೆ ಮಹಜರು, ಕಟಕಟೆ, ಮೇಲ್ಮನವಿ ಯಾವುದೂ ಬೇಕಾಗುವುದಿಲ್ಲ.